ಶುಕ್ರವಾರದ ಲಿಫ್ಟು

ಎಣ್ಣೆಯ ಬೆಲೆಯೇ ಜಾರಿಬಿದ್ದ 2016ರಲ್ಲಿ ಹೆಂಡತಿ ಮಕ್ಕಳನ್ನು ಉಡುಪಿಗೆ ಕಳಿಸಿದ ಗ್ರೆಗರಿ, ಮಸ್ಕತ್ತಿನ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಒಬ್ಬನೇ ಉಳಿದ. ಕಡುತಂಪಿನ ಪರಮಾಣುಗಳನ್ನು ಪಕ್ಕದ ಗಾಜು ಎಷ್ಟು ಸೆಳೆಯುತ್ತದೆಂದು ಅಳೆಯುವುದು ಕೆಲಸ. ಲಿಫ್ಟಿನ ಕಬ್ಬಿಣ ಅಲುಗಿದರೂ ಅಳತೆ ಕೆಡುತ್ತಿದ್ದುದರಿಂದ, ವಾರದ ರಜೆಯೆಂದು ಯಾರೂ ಬಾರದ ಶುಕ್ರವಾರಗಳೆಲ್ಲ ಅವನ ಪಾಲಿಗೆ ಬಂದವು. ಪರಮಾಣುವಿಗಾದರೂ ಪಕ್ಕದಲ್ಲಿ ಗಾಜಿತ್ತು. ಅವನ ಪಕ್ಕದಲ್ಲಿ ನರಪಿಳ್ಳೆಯೂ ಇರಲಿಲ್ಲ.

ಯೋಜನೆ ಮುಚ್ಚುವ ಮುಂಚಿನ ಕೊನೆಯ ಶುಕ್ರವಾರ, ಅಳತೆ ಇನ್ನೇನು ಮುಗಿಯಬೇಕು, ಪರದೆಯ ಗೆರೆ ಜಿಗಿಯಿತು. ಲಿಫ್ಟಿನಿಂದ ಇಳಿದವನು ಎಸಿ ರಿಪೇರಿಯ ಕಾರ್ಕಳದ ಶೀನಣ್ಣ.

"ಎಂತ ಪೊರ್ಬುಗಳೇ, ರಜೆಯಲ್ಲೂ ಡ್ಯೂಟಿಯಾ? ನಾನು ಬಂದದ್ದು ತೊಂದರೆ ಆಯ್ತಾ?" ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದು ಶೀನಣ್ಣ ಕೇಳಿದ.

ಅವನನ್ನು ಕಳಿಸಿ ಈಗಲೇ ಮತ್ತೆ ಶುರುಮಾಡಿದರೆ ಸಂಜೆಯೊಳಗೆ ಅಳತೆ ಮುಗಿಯುತ್ತಿತ್ತು.

"ಎಂತ ತೊಂದರೆ ಇಲ್ಲ ಮಾರಾಯ, ಕೂತ್ಕೊ," ಎಂದು ಗ್ರೆಗರಿ ಯಂತ್ರ ಆರಿಸಿ, ಚಹಾಕ್ಕೆ ಎರಡನೇ ಲೋಟ ಹುಡುಕತೊಡಗಿದ.