ಮುರಿದ ಸಕ್ಕರೆ ಆನೆ ಮತ್ತು ಕಾಚಿಗುಡದ ಮನೆ

ಆ ಒಂದು ಪಾತೇಲಿ ಹಣ್ಣಿನ ಸಲಾಡಿಗೆ ನನಗೆ ಬಿದ್ದ ಖರ್ಚು ಅರವತ್ತೆರಡು ರೂಪಾಯಿ ಮತ್ತು ಒಂದು ಮನೆ. ರೂಪಾಯಿಯದನ್ನು ಮೊದಲು ಹೇಳಿಬಿಡುತ್ತೇನೆ, ಅದು ಸಣ್ಣದು. ಸೇಬು, ಪೇರಲ, ಮೋಸಂಬಿ, ಪಪ್ಪಾಯಿ, ಒಂದು ಡಜನ್ ಬಾಳೆಹಣ್ಣು, ಒಂದಿಷ್ಟು ಗೋಡಂಬಿ, ಅರ್ಧ ಕಿಲೋ ಖುಬಾನಿ. ಆಗ ನಮ್ಮ ಬಾಡಿಗೆ ತಿಂಗಳಿಗೆ ಮುನ್ನೂರು. ಅಂದರೆ ಆರು ದಿನದ ಸೂರಿನ ದುಡ್ಡನ್ನು ಒಂದು ಬೆಳಿಗ್ಗೆ ಕೂತು ಹೆಚ್ಚಿ ಹಾಕಿದ್ದೆ. ಹೆಚ್ಚಿದ್ದು ಆ ಸೂರು ಉಳಿಸಿಕೊಳ್ಳಲಿಕ್ಕೇ.

ನಾವು ಗದಗಿನವರು. ನಮ್ಮವರಿಗೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಹೈದರಾಬಾದಿಗೆ ಬಂದೆವು. ಆಗ ಇದು ಆಂಧ್ರದ ರಾಜಧಾನಿ. ಗುಂಟೂರಿನವರು, ಕರ್ನೂಲಿನವರು, ವಿಶಾಖಪಟ್ಟಣದವರು ಎಲ್ಲರೂ ಇಲ್ಲಿಗೇ ಬರುವವರು, ಎಲ್ಲರಿಗೂ ಮನೆ ಬೇಕು. ನನಗೆ ಮೊದಲ ಪೆಟ್ಟು ಬಿದ್ದದ್ದು ಮಾತ್ರ ಮನೆ ಹುಡುಕುವಾಗಲ್ಲ, ಹಣ್ಣಿನ ಗಾಡಿಯ ಮುಂದೆ. ಬಂದ ಮೂರನೆಯ ದಿನ ಸಿಕಂದರಾಬಾದಿನಲ್ಲಿ ಒಬ್ಬನ ಹತ್ತಿರ ಮೋಸಂಬಿ ಕೇಳಿದೆ. ಅವನು ಹೇಳಿದ ಬೆಲೆಯ ಅರ್ಧ ಹೇಳಿದೆ. ಗದಗಿನಲ್ಲಾದರೆ ಅಲ್ಲಿಂದ ಮಾತು ಶುರು. ಅವನು ತನ್ನ ಮಕ್ಕಳ ಮೇಲೆ ಆಣೆ ಹಾಕಬೇಕು, ನಾನು ಎರಡು ಹೆಜ್ಜೆ ಹೋಗಬೇಕು, ಅವನು ಕರೆಯಬೇಕು, ಕೊನೆಗೆ ನನ್ನ ತವರಿನ ಸುದ್ದಿ ಕೇಳಿ ಒಂದು ಹಣ್ಣು ಮೇಲೆ ಹಾಕಬೇಕು. ಇವನು ‘ಲೇಲೋ ಅಮ್ಮಾ’ ಅಂದ, ಅಷ್ಟೇ. ತಗೋ ಅಂತ. ನನಗೆ ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟು ಬಯಲಿಗೆ ಬಿದ್ದ ಹಾಗಾಯಿತು. ಮನೆಗೆ ಬಂದು ಚೀಲ ಬಿಚ್ಚಿದರೆ ಕೆಳಗಿನ ನಾಲ್ಕು ಹಣ್ಣು ಹಿಟ್ಟಿನ ಹಾಗೆ ಮೆತ್ತಗೆ. ಅವನು ಮಾತಿನಲ್ಲಿ ಸೋತು ತಕ್ಕಡಿಯಲ್ಲಿ ಗೆದ್ದಿದ್ದ.

ಮೊದಲ ವರ್ಷ ಸಿಕಂದರಾಬಾದಿನಲ್ಲೇ ಒಂದು ಕೋಣೆಯಲ್ಲಿ ಇದ್ದೆವು. ಮಗಳು ವೀಣಾಗೆ ಏಳು ವರ್ಷ. ಹತ್ತಿರದ ಶಾಲೆಗೆ ಹಾಕಿದೆವು, ಅಲ್ಲಿ ಎಲ್ಲಾ ತೆಲುಗು. ಮನೆಯಲ್ಲಿ ಕಿವಿ ತೂತು ಬೀಳುವ ಹಾಗೆ ಮಾತಾಡುವ ಹುಡುಗಿ ಶಾಲೆಯ ಬಾಗಿಲಲ್ಲಿ ಬಾಯಿ ಮುಚ್ಚಿದರೆ ಮತ್ತೆ ತೆಗೆಯುತ್ತಿದ್ದದ್ದು ನಮ್ಮ ಬಾಗಿಲಲ್ಲಿ. ನಾಲ್ಕು ತಿಂಗಳಾದ ಮೇಲೆ ಟೀಚರು ನನ್ನನ್ನು ಕರೆಸಿ, ಮಗು ಹುಟ್ಟಿನಿಂದಲೇ ಮೂಗಿಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅವತ್ತು ನಾನು ಬಸ್ಸಿನಲ್ಲಿ ಅಳುತ್ತಾ ಬಂದೆ. ಮರುದಿನದಿಂದ ಮನೆ ಹುಡುಕಲು ಕಾಚಿಗುಡಕ್ಕೆ ಹೋದೆ, ಅಲ್ಲಿ ಕನ್ನಡ ಶಾಲೆ ಇದೆಯೆಂದು ಕೇಳಿದ್ದೆ.

ಶಾಲೆಯಿಂದ ಐದು ನಿಮಿಷ ನಡೆದರೆ ಸುಭದ್ರಮ್ಮನವರ ಮನೆ. ಮೇಲೆ ಅವರು, ಕೆಳಗೆ ಎರಡು ಕೋಣೆ ಮತ್ತು ಅಡುಗೆಮನೆಯ ಒಂದು ಪೋರ್ಷನ್. ಮನೆಯ ಒಂದು ಭಾಗವನ್ನು ಬಾಡಿಗೆಗೆ ಬಿಟ್ಟರೆ ಇಲ್ಲಿ ಹಾಗನ್ನುತ್ತಾರೆ. ಅವರು ಕೇಳಿದ್ದು ಮುನ್ನೂರೈವತ್ತು, ಮೂರು ತಿಂಗಳ ಅಡ್ವಾನ್ಸ್. ನಾನು ನನ್ನ ಬುದ್ಧಿ ತೋರಿಸಿದೆ. ನಾವು ಒಂದು ವರ್ಷದವರು, ಕಾರ್ಖಾನೆಯ ಕ್ವಾರ್ಟರ್ಸ್ ಬಂದಕೂಡಲೆ ಹೋಗುವವರು, ನಿಮಗೆ ಬಿಡಿಸುವ ತಲೆನೋವೇ ಇಲ್ಲ ಅಂದೆ. ಮುನ್ನೂರಕ್ಕೆ, ಒಂದೇ ತಿಂಗಳ ಅಡ್ವಾನ್ಸಿಗೆ ಮುಗಿಯಿತು. ಪೂರಾ ಸುಳ್ಳೂ ಅಲ್ಲ. ಕ್ವಾರ್ಟರ್ಸಿನ ಯಾದಿಯಲ್ಲಿ ನಮ್ಮವರ ಹೆಸರು ಇತ್ತು, ಅದರ ಮೇಲೆ ಇದ್ದ ಹೆಸರುಗಳು ಕರಗಲು ಹತ್ತು ವರ್ಷ ಬೇಕಿತ್ತು. ಯುಗಾದಿಗೆ ಅವರು ಬಾಡಿಗೆ ಏರಿಸುವ ಮಾತು ತೆಗೆದಾಗ ಮತ್ತೆ ಕ್ವಾರ್ಟರ್ಸ್ ತೋರಿಸಿದೆ. ಶ್ರಾವಣದಲ್ಲಿ ಇನ್ನೊಮ್ಮೆ. ಪ್ರತಿ ಸಲವೂ ಕೆಲಸ ಮಾಡಿತು.

ಅಲ್ಲಿ ವೀಣಾ ಬಾಯಿ ತೆಗೆದಳು. ಎರಡನೆಯ ವಾರ ಶಾಲೆಯಿಂದ ದೂರು ಬಂತು, ಕ್ಲಾಸಿನಲ್ಲಿ ಬಹಳ ಮಾತಾಡುತ್ತಾಳೆ ಅಂತ. ಆ ಸಂತೋಷಕ್ಕೆ ನಾನು ಓಣಿಗೆಲ್ಲ ಪೇಡೆ ಹಂಚಿದೆ. ಯಾಕೆ ಅಂತ ಕೇಳಿದವರಿಗೆ ಹೇಳಲಿಕ್ಕೆ ನನಗೆ ಅಷ್ಟು ತೆಲುಗು ಬರುತ್ತಿರಲಿಲ್ಲ.

ದೀಪಾವಳಿಗೆ ಒಂದು ವಾರ ಇರುವಾಗ ಸುಭದ್ರಮ್ಮನವರ ಸೊಸೆ ಲಲಿತಾ ನಲ್ಲಿಯ ಹತ್ತಿರ ಒಂದು ಸುದ್ದಿ ಹೇಳಿದಳು. ಅತ್ತೆಯ ತಮ್ಮನಿಗೆ ಗುಂಟೂರಿನಿಂದ ಇಲ್ಲಿಗೆ ವರ್ಗ ಆಗಿದೆ, ಕುಟುಂಬ ತರಲು ಮನೆ ನೋಡುತ್ತಿದ್ದಾರೆ, ನಮ್ಮ ಪೋರ್ಷನ್ ಮೇಲೆ ಅವರಿಗೆ ಕಣ್ಣಿದೆ, ಅತ್ತೆ ಇನ್ನೂ ಏನೂ ಹೇಳಿಲ್ಲ. ನನ್ನ ಕೊಡ ತುಂಬಿ ಹರಿಯುತ್ತಿತ್ತು, ನಾನು ನೋಡುತ್ತಾ ನಿಂತೆ.

ನಮ್ಮವರು ಹೇಳಿದ್ದು ಒಂದೇ ಮಾತು: "ಇವತ್ತ ಮ್ಯಾಲೆ ಹೋಗಿ ಕೇಳಿಬಿಡು. ಕ್ವಾರ್ಟರ್ಸ್ ಬರೂದಿಲ್ಲ, ನಾವು ಇಲ್ಲೇ ಇರತೀವಿ ಅಂತ."

"ಬರೀ ಕೈಲೆ ಹೋಗಿ ಕೇಳೂದು ಹೆಂಗ್ರಿ," ಅಂದೆ ನಾನು. "ಗೌರಿ ಹುಣ್ಣಿಮಿ ಬರಾಕತ್ತೈತಿ. ಮೊದಲ ಅವರ ಬಾಯಿ ಸಿಹಿ ಆಗಲಿ."

"ಸಂತ್ಯಾಗ ನಾಲ್ಕಾಣೆಗೆ ತಾಸುಗಟ್ಟಲೆ ಬಾಯಿ ಮಾಡತಿ. ಇಲ್ಲಿ ನಾಲಿಗಿ ಏಳವಲ್ದು," ಅಂದು ಅವರು ಸೈಕಲ್ ಹತ್ತಿದರು.

ಅವರಿಗೆ ತಿಳಿಯುವುದಿಲ್ಲ. ನಮ್ಮ ಕಡೆ ಹೆಂಗಸರು ದೊಡ್ಡ ಮಾತನ್ನು ಬಾಯಿಂದ ಶುರು ಮಾಡುವುದಿಲ್ಲ. ಮೊದಲು ಒಂದು ಬಟ್ಟಲು ಹೋಗುತ್ತದೆ. ಬಟ್ಟಲು ಇಸಿದುಕೊಂಡವರು ಇದು ಯಾಕೆ ಬಂತು ಅಂತ ತಾವೇ ಯೋಚಿಸುತ್ತಾರೆ, ತಾವೇ ಮಾತು ತೆಗೆಯುತ್ತಾರೆ. ನನ್ನ ಅವ್ವ ಮೂರು ಮದುವೆ ಕೂಡಿಸಿದ್ದು, ಒಂದು ಹೊಲದ ಬದುವಿನ ಜಗಳ ಬಿಡಿಸಿದ್ದು ಹೀಗೇ.

ಗೌರಿ ಹುಣ್ಣಿಮೆಗೆ ನಮ್ಮಲ್ಲಿ ಸಕ್ಕರೆ ಆರತಿ. ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಆನೆ, ಗಿಳಿ, ನವಿಲು, ತೇರು ಮಾಡುತ್ತಾರೆ. ಕೆಂಪು, ಹಸಿರು, ಹಳದಿ, ಬಿಳಿ. ಇಡಿಯವು ಸಂಜೆ ಗೌರಿಯ ಆರತಿ ತಟ್ಟೆಗೆ, ಮುರಿದವು ನಡುಹಗಲೇ ಮಕ್ಕಳ ಬಾಯಿಗೆ. ಅದರಲ್ಲೂ ಉಳಿದವನ್ನು ಅವ್ವ ಬಾಳೆಹಣ್ಣಿನ ಶೀಕರಣಿಗೆ ಹಾಕುತ್ತಿದ್ದಳು. ಆ ವರ್ಷ ಅವಳು ಊರಿಂದ ಬರುವವರ ಕೈಲಿ ಒಂದು ಡಬ್ಬಿ ಕಳಿಸಿದಳು. ಎರಡು ಬಸ್ಸು ಬದಲಿಸಿ ಬಂದ ಡಬ್ಬಿಯಲ್ಲಿ ಅರ್ಧಕ್ಕರ್ಧ ಆನೆಗಳಿಗೆ ಸೊಂಡಿಲು ಇರಲಿಲ್ಲ. ಇಲ್ಲಿಯ ಮದುವೆಗಳಲ್ಲಿ ಬಣ್ಣಬಣ್ಣದ ಮಿಠಾಯಿ ಚೂರು ಹಾಕಿದ ಫ್ರೂಟ್ ಸಲಾಡ್ ಅಂದರೆ ಆಗ ದೊಡ್ಡಸ್ತಿಕೆ. ನನಗೆ ಹೊಳೆಯಿತು: ಅವರ ಸಲಾಡ್, ನಮ್ಮ ಗೊಂಬೆ.

ಬೇಗಂ ಬಜಾರಿನಲ್ಲಿ ಖುಬಾನಿ ತಂದೆ. ಖುಬಾನಿ ಅಂದರೆ ಒಣಗಿಸಿದ ಜರ್ದಾಳು ಹಣ್ಣು, ಅದರ ಬೀಜ ಒಡೆದರೆ ಒಳಗೆ ಪುಟ್ಟ ಬಾದಾಮಿಯಂಥ ತಿರುಳು. ಈ ಊರಿನವರು ಅದನ್ನೂ ಬಿಡುವುದಿಲ್ಲ, ಸಿಹಿಯ ಮೇಲೆ ಉದುರಿಸುತ್ತಾರೆ. ಒಂದೇ ಬೆಲೆಗೆ ಹಣ್ಣೂ ಆಯಿತು, ಬಾದಾಮಿಯೂ ಆಯಿತು ಅಂತ ನಾನು ಬೀಗಿದೆ. ಒಡೆಯಲು ಕೂತಾಗ ಗೊತ್ತಾಯಿತು. ಮೆಲ್ಲಗೆ ಕುಟ್ಟಿದರೆ ಬೀಜ ಕೋಣೆಯ ಮೂಲೆಗೆ ಹಾರುತ್ತದೆ, ಜೋರಾಗಿ ಕುಟ್ಟಿದರೆ ಓಡೂ ತಿರುಳೂ ಸೇರಿ ಹುಡಿ. ಎರಡು ತಾಸು ಕುಟ್ಟಿ ಒಂದು ಹಿಡಿ ತಿರುಳು ಸಿಕ್ಕಿತು, ಹೆಬ್ಬೆರಳು ಊದಿತು.

ಹುಣ್ಣಿಮೆಯ ದಿನ ಬೆಳಿಗ್ಗೆಯೇ ಹಣ್ಣೆಲ್ಲ ಹೆಚ್ಚಿ, ನೆನೆಸಿದ ಖುಬಾನಿ ಬೆರೆಸಿ, ಗೋಡಂಬಿ, ತಿರುಳು ಉದುರಿಸಿ, ಮುರಿದ ಆನೆ ಗಿಳಿಗಳನ್ನು ಮೇಲೆ ಚುಚ್ಚಿ ನಿಲ್ಲಿಸಿದೆ. ಆ ಕ್ಷಣದಲ್ಲಿ ಅದು ನೋಡಲಿಕ್ಕೆ ಭಾಳ ಚೆಂದ ಇತ್ತು, ಅಷ್ಟು ಮಾತ್ರ ಖರೆ. ಹನ್ನೆರಡು ಗಂಟೆಗೆ ಪಾತೇಲಿ ಹೊತ್ತು ಮೇಲೆ ಹೋದೆ.

ಮೇಲೆ ಸುಭದ್ರಮ್ಮ, ಲಲಿತಾ, ಇನ್ನಿಬ್ಬರು ಬಂಧುಗಳು ನೆಲದ ಮೇಲೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಪಾತೇಲಿ ನೋಡಿ ನಾಲ್ವರ ಕೈಯೂ ನಿಂತಿತು. ನಮಗೆ ಗೌರಿ ಹುಣ್ಣಿಮೆಯಾದದ್ದು ಇವರಿಗೆ ಕಾರ್ತಿಕ ಪೌರ್ಣಮಿ. ವರ್ಷದ ದಿನಕ್ಕೊಂದರಂತೆ ಮುನ್ನೂರ ಅರವತ್ತೈದು ಬತ್ತಿ ಹಚ್ಚುತ್ತಾರೆ, ಸಂಜೆ ನಕ್ಷತ್ರ ಕಾಣುವ ತನಕ ಏನೂ ತಿನ್ನುವುದಿಲ್ಲ. ನಾವು ಆ ಮನೆಗೆ ಬಂದದ್ದು ಜನವರಿಯಲ್ಲಿ, ನನಗೆ ಇದು ಹೇಗೆ ಗೊತ್ತಿರಬೇಕು. ಉಪವಾಸಕ್ಕೆ ಹಣ್ಣು ನಡೆಯುತ್ತದಲ್ಲ ಅಂದೆ. ಕೆಲವರಿಗೆ ನಡೆಯುತ್ತದೆ, ನಮಗೆ ನೀರೂ ಇಲ್ಲ ಅಂದರು. ಲಲಿತಾ ಒಂದು ಹಸಿರು ಗಿಳಿಯನ್ನು ನೋಡಿದ ರೀತಿ ನೋಡಿ ನನಗೆ ನಾಚಿಕೆಯಾಯಿತು.

ಸುಭದ್ರಮ್ಮ ದೊಡ್ಡ ಮನಸ್ಸಿನವರು. ಪಾತೇಲಿಯನ್ನು ಎತ್ತಿ ದೇವರ ಮುಂದೆ ಇಟ್ಟರು, ನಕ್ಷತ್ರ ನೋಡಿ ಮೊದಲು ಇದನ್ನೇ ತಿನ್ನೋಣ ಅಂದರು. ದೇವರ ಮುಂದೆ ಇಟ್ಟದ್ದನ್ನು ವಾಪಸ್ ಕೇಳುವ ಹಾಗಿಲ್ಲ. ಹೆಚ್ಚಿದ ಬಾಳೆಹಣ್ಣು ಆರು ತಾಸು, ಅದರ ಮೇಲೆ ಸಕ್ಕರೆ. ಕೆಳಗೆ ಕೂತು ನಾನು ಮೇಲಿನ ಪಾತೇಲಿಯಲ್ಲಿ ಏನಾಗುತ್ತಿದೆ ಎಂದು ಗಳಿಗೆಗೊಮ್ಮೆ ಲೆಕ್ಕ ಹಾಕಿದೆ. ಈಗ ಪೇರಲ ನೀರು ಬಿಟ್ಟಿರುತ್ತದೆ. ಈಗ ಆನೆಯ ಕಾಲು ಹೋಗಿರುತ್ತದೆ.

ಸಂಜೆ ಕರೆದರು. ತುಳಸಿಯ ಮುಂದೆ ಬತ್ತಿಗಳು ಉರಿಯುತ್ತಿದ್ದವು, ಲಲಿತಾ ನಕ್ಷತ್ರ ತೋರಿಸಿದಳು. ಪಾತೇಲಿ ತಂದರು. ಕೆಂಪು, ಹಸಿರು, ಹಳದಿ ಎಲ್ಲಾ ಕರಗಿ ಹೋಳಿಯ ಮರುದಿನ ಬಟ್ಟೆ ಒಗೆದ ನೀರಿನ ಬಣ್ಣ. ಬಾಳೆಹಣ್ಣು ಕಪ್ಪು. ಗೋಡಂಬಿ ನೆನೆದು ರಬ್ಬರು. ಒಂದು ಬಿಳಿ ಆನೆಯ ಬೆನ್ನು ಮಾತ್ರ ನಡುವೆ ಎದ್ದು ಕಾಣುತ್ತಿತ್ತು. ಇಡೀ ದಿನ ಹಸಿದಿದ್ದ ಆ ಹೆಂಗಸರು ಸ್ಟೀಲ್ ಬಟ್ಟಲಲ್ಲಿ ಹಾಕಿಕೊಂಡು ತಿಂದರು. ಹೊಗಳಲೂ ಇಲ್ಲ, ಬಿಡಲೂ ಇಲ್ಲ.

ಆಮೇಲೆ ಸುಭದ್ರಮ್ಮ, ಖುಷಿಯ ಸುದ್ದಿ ಹೇಳುವವರ ಹಾಗೆ, ನಮ್ಮ ಕ್ವಾರ್ಟರ್ಸ್ ಸಂಕ್ರಾಂತಿಯ ಒಳಗೆ ಆಗುತ್ತದಲ್ಲ ಎಂದು ಕೇಳಿದರು. ತಮ್ಮನಿಗೆ ಈ ಪೋರ್ಷನ್ ಕೊಡುತ್ತೇನೆ ಎಂದು ಕಾಗದ ಬರೆದಿದ್ದರು.

"ಯಾವಾಗ ಬರೆದ್ರಿ, ಪಿನ್ನಿಗಾರೂ?" ಅಂದೆ. ಪಿನ್ನಿ ಅಂದರೆ ಚಿಕ್ಕಮ್ಮ, ನಾನು ಅವರನ್ನು ಹಾಗೇ ಕರೆಯುತ್ತಿದ್ದೆ.

"ನಾಲ್ಕು ದಿನ ಆಯಿತು."

ನಾನು ಮೂರು ವಾರದಿಂದ ಹುಣ್ಣಿಮೆಗೆ ಕಾಯುತ್ತಿದ್ದೆ. ಅವತ್ತು ಎಲ್ಲ ಹೇಳಿದೆ. ಕ್ವಾರ್ಟರ್ಸ್ ಬರುವುದಿಲ್ಲ, ಬಾಡಿಗೆ ಇಳಿಸಲು ಹೇಳಿದ್ದು, ವೀಣಾ, ಶಾಲೆ, ಮೂಗಿ ಅಂದದ್ದು. ನನ್ನ ಹರಕು ತೆಲುಗಿನಲ್ಲಿ, ನಡುನಡುವೆ ಹಿಂದಿ ಸೇರಿಸಿ. ಅವರು ಬಟ್ಟಲು ಕೆಳಗಿಟ್ಟರು.

"ಅಡಿಗಿ ಉಂಟೇ ಇಚ್ಚೇದಾನ್ನಿ ಕದಮ್ಮಾ," ಅಂದರು. ಕೇಳಿದ್ದರೆ ಕೊಡುತ್ತಿದ್ದೆನಲ್ಲಮ್ಮಾ ಅಂತ. ಆಮೇಲೆ ಅವರು ಅಂದದ್ದನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗೆ: "ಐವತ್ತು ರೂಪಾಯಿಗೆ ಮೂರು ಸಲ ಮೇಲೆ ಬಂದು ಮಾತಾಡಿದೆ. ಮಗಳಿಗೋಸ್ಕರ ಒಂದು ಸಲ ಬರಬೇಕಿತ್ತು. ಈಗ ತಮ್ಮನಿಗೆ ಕೊಟ್ಟ ಮಾತು ಹೇಗೆ ತಿರುಗಿಸಲಿ?"

ತಿರುಗಿಸಲಿಲ್ಲ. ತಿರುಗಿಸಬೇಕು ಎಂದು ಹೇಳುವ ಮುಖವೂ ನನಗೆ ಇರಲಿಲ್ಲ. ಕಾಚಿಗುಡದಲ್ಲಿ ಬೇರೆ ಮನೆ ನಮ್ಮ ಕೈಗೆಟುಕುವ ಬೆಲೆಗೆ ಸಿಗಲಿಲ್ಲ, ಸಂಕ್ರಾಂತಿಗೆ ಕೂಕಟ್‌ಪಲ್ಲಿಗೆ ಸಾಮಾನು ಹೊತ್ತೆವು. ಅಲ್ಲಿಂದ ಎರಡು ಬಸ್ಸು ಹಿಡಿದು ಎಂಟು ವರ್ಷದ ಹುಡುಗಿ ಕನ್ನಡ ಶಾಲೆಗೆ ಹೋಗಲಾರಳು. ಮತ್ತೆ ತೆಲುಗು ಶಾಲೆ, ಮತ್ತೆ ಮುಚ್ಚಿದ ಬಾಯಿ. ಈ ಸಲ ಎರಡು ತಿಂಗಳಿಗೆ ತೆರೆಯಿತು, ಆದರೆ ತೆಲುಗಿನಲ್ಲಿ.

ಈಗ ಅವಳು ಕಾಲೇಜು. ಗದಗಿಗೆ ಹೋದರೆ ಅವಳ ಕನ್ನಡ ಕೇಳಿ ಸೋದರಮಾವನ ಮಕ್ಕಳು ನಗುತ್ತಾರೆ. ನನಗೆ ಅವ್ವನ ಓಣಿಯಲ್ಲಿ ‘ಹೈದರಾಬಾದದಾಕಿ ಬಂದ್ಲು’ ಅನ್ನುತ್ತಾರೆ, ಇಲ್ಲಿಯ ಓಣಿಯಲ್ಲಿ ನಾನು ‘ಕನ್ನಡಮ್ಮ’. ಗೌರಿ ಹುಣ್ಣಿಮೆ ಬಂದರೆ ಮಧ್ಯಾಹ್ನ ಒಂದು ಸೊಂಡಿಲಿಲ್ಲದ ಆನೆಯನ್ನು ಬಾಯಿಗೆ ಹಾಕಿಕೊಳ್ಳುತ್ತೇನೆ, ಅಲ್ಲಿಯವಳಾಗಿ. ಆಮೇಲೆ ನಕ್ಷತ್ರ ಕಾಣುವ ತನಕ ಏನೂ ಮುಟ್ಟುವುದಿಲ್ಲ, ಇಲ್ಲಿಯವಳಾಗಿ. ಎರಡೂ ಕಡೆಯ ದೇವರು ಒಪ್ಪಲಾರರು, ನನಗೂ ಬೇರೆ ದಾರಿ ಹೊಳೆದಿಲ್ಲ. ಸಂಜೆ ಬಸ್ಸು ಹಿಡಿದು ಸುಭದ್ರಮ್ಮನವರ ಮನೆಗೆ ಹೋಗುತ್ತೇನೆ. ಕೆಳಗಿನ ಪೋರ್ಷನ್ ಮುಂದೆ ಹಾಯುವಾಗ ಅತ್ತ ನೋಡುವುದಿಲ್ಲ.

ನೀವು ಮಾಡುವುದಾದರೆ ಹೇಳುತ್ತೇನೆ, ಕೇಳಿರಿ. ಮೂರು ಡಬ್ಬಿ ಬೇರೆ ಬೇರೆ ಇಟ್ಟುಕೊಳ್ಳಿರಿ: ಹಣ್ಣು, ಬೀಜ, ಗೊಂಬೆ. ಪೇರಲ ಸ್ವಲ್ಪ ಗಟ್ಟಿ ಇರಲಿ. ಸೇಬು ಹೆಚ್ಚಿದಕೂಡಲೆ ಮೋಸಂಬಿ ರಸ ಹಿಂಡಿರಿ, ಬಾಳೆಹಣ್ಣು ಬಡಿಸುವ ಮನೆಯಲ್ಲೇ ಹೆಚ್ಚಿರಿ. ಖುಬಾನಿಯ ಬೀಜವನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿದರೆ ಹಾರುವುದಿಲ್ಲ, ಒಂದು ತಿರುಳು ಕಚ್ಚಿ ನೋಡಿ, ಕಹಿ ಇದ್ದರೆ ಅಷ್ಟನ್ನೂ ಎಸೆಯಿರಿ. ಬಣ್ಣದ ಗೊಂಬೆ ಬೇಡ, ಬಿಳಿಯವೇ ಸಾಕು, ಅವನ್ನೂ ತಿನ್ನುವವರು ಕೂತ ಮೇಲೆ ಹಾಕಿರಿ. ಆ ಮನೆಯಲ್ಲಿ ಅವತ್ತು ಉಪವಾಸವೇನು ಅಂತ ಹಿಂದಿನ ದಿನವೇ ವಿಚಾರಿಸಿರಿ. ಮತ್ತು ಅವರಲ್ಲಿ ಕೇಳುವುದೇನಾದರೂ ಇದ್ದರೆ, ಹಣ್ಣು ಕೊಳ್ಳಲು ಹೋಗುವ ಮೊದಲು ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಕೇಳಿ ಬನ್ನಿರಿ.