ಹುಲ್ಲಹಳ್ಳಿಯ ಕೂಸಿನ ಕಣ್ಣು

ನಂಜನಗೂಡಿನ ಬಾಡಿಗೆ ಮನೆಗೆ ಬಂದ ಮೊದಲ ಬೆಳಿಗ್ಗೆ ಮನೆಯೊಡತಿ ಪುಟ್ಟಮ್ಮ ಬಾಗಿಲಲ್ಲಿ ನಿಂತು, “ಆಲು ಉಕ್ಸುದ್ರಾ?” ಎಂದು ಕೇಳಿದರು. ವಿಜಯಪುರ ಸೀಮೆಯವಳಾದ ನನಗೆ ಆಲೂ ಎಂದರೆ ಆಲೂಗಡ್ಡೆ. “ಇಲ್ಲರೀ, ಇನ್ನಾ ಕುದಿಯಾಕ ಇಟ್ಟಿಲ್ಲ” ಎಂದೆ. ಅವರು ಬಿದ್ದು ಬಿದ್ದು ನಕ್ಕು, ಒಳಗೆ ಹೋಗಿ ಒಂದು ಚೊಂಬು ಹಾಲು ತಂದುಕೊಟ್ಟರು. ಇಲ್ಲಿ ಹಕಾರ ಮನೆಯಿಂದ ಹೊರಗೇ ಉಳಿಯುತ್ತದೆ ಎಂದು ಅವತ್ತು ತಿಳಿಯಿತು. ಇಷ್ಟು ದೂರ ಬಂದರೂ ಕನ್ನಡವೇ ಅಲ್ಲವೇ ಎಂದುಕೊಂಡಿದ್ದ ನನ್ನ ಧೈರ್ಯ ಅಲ್ಲಿಗೇ ಅರ್ಧವಾಯಿತು.

ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ನನಗೆ ಮೈಸೂರಿನ ಕಣ್ಣಾಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ರಕ್ತಸಂಬಂಧದಲ್ಲಿ ಹರಿದು ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಸಿ ಹೇಳುವುದು ನನ್ನ ಪಾಲಿನದು. ನಮ್ಮ ಕಡೆ ರೊಟ್ಟಿಯನ್ನು ಅಗಿದು ತಿಂದು ಬೆಳೆದ ನನಗೆ ಇಲ್ಲಿ ಮುದ್ದೆ ನುಂಗುವುದನ್ನು ಕಲಿಯಲು ಎರಡು ತಿಂಗಳು ಬೇಕಾಯಿತು. ಮೈಸೂರಿಗೆ ಹೋಗಿಬರುವ ರೈಲಿನಲ್ಲಿ ನಾನು ಬಾಯಿ ಬಿಟ್ಟರೆ ಜನ ತಿರುಗಿ ನೋಡುತ್ತಿದ್ದರು. ಹಾಗಾಗಿ ಮಾತೇ ಕಡಿಮೆಯಾಯಿತು.

ಮಾತಿನಿಂದಲೇ ನಡೆಯುವ ಕೆಲಸದಲ್ಲಿ ಮಾತು ಕಡಿಮೆಯಾದರೆ ಹೇಗೆ? ಮಂಗಳಾ ಬಂದದ್ದು ಆ ದಿನಗಳಲ್ಲಿ. ಟಿ. ನರಸೀಪುರದ ಹೆಣ್ಣು, ಹುಲ್ಲಹಳ್ಳಿಯ ಸೊಸೆ. ಮಡಿಲಲ್ಲಿ ಆರು ತಿಂಗಳ ಹೆಣ್ಣು ಕೂಸು. ಮಂಗಳಾಳ ಎಡಗಣ್ಣು ಗಾಜಿನದು. ಎರಡು ವರ್ಷದವಳಿದ್ದಾಗ ಎರಡೂ ಕಣ್ಣಲ್ಲಿ ಕ್ಯಾನ್ಸರ್ ಗೆಡ್ಡೆಯಾಗಿ, ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿದ್ದರು.

“ಮೇಡಂ, ನನ್ ಕೂಸ್ಗೂ ಬತ್ತದಾ?”

ಬರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ ಎಂದೆ. ಕಣ್ಣಿನ ಪರದೆ ಬೆಳೆಯುವಾಗ ಅಲ್ಲಿನ ಜೀವಕೋಶಗಳಿಗೆ ‘ಒಡೆದು ಎರಡಾಗು’ ಎಂಬ ಸಂದೇಶ ಸುತ್ತಲಿನಿಂದ ಬರುತ್ತಲೇ ಇರುತ್ತದೆ. ಸಾಕು, ಇನ್ನು ನೋಡುವ ಕೆಲಸಕ್ಕೆ ಸಿದ್ಧವಾಗು ಎಂದು ತಡೆಯುವುದು ಆರ್‌ಬಿ ಎಂಬ ಜೀನ್. ಅದು ಒಂಟಿಯಲ್ಲ. ಅದೇ ಗುಣದ ಇನ್ನೆರಡು ಜೀನ್‌ಗಳಿದ್ದು, ಮೂರೂ ಒಂದೇ ಮನೆತನದವು. ಇಲಿಯ ಕಣ್ಣಿನಲ್ಲಿ ಆರ್‌ಬಿ ಕೆಟ್ಟರೆ ಅದರ ಒಡಹುಟ್ಟು ಹೊಣೆ ಹೊರುತ್ತದೆ. ಮನುಷ್ಯರ ಕೂಸಿನ ಕಣ್ಣಿನಲ್ಲಿ ಆ ನೆರವು ಸಾಲುವುದಿಲ್ಲ. ತಾಯಿಯದೊಂದು, ತಂದೆಯದೊಂದು ಎಂದು ಎರಡು ಪ್ರತಿ ಇರುತ್ತವೆ. ಒಂದು ಹುಟ್ಟುವಾಗಲೇ ಕೆಟ್ಟಿದ್ದು, ಯಾವುದೋ ಕೋಶದಲ್ಲಿ ಇನ್ನೊಂದೂ ಕೆಟ್ಟರೆ ಗೆಡ್ಡೆ.

ಕೂಸಿಗೆ ಮದ್ದು ಕೊಟ್ಟು ಮಲಗಿಸಿ ಕಣ್ಣು ಪರೀಕ್ಷಿಸಬೇಕು, ಪದೇ ಪದೇ ಬರಬೇಕು ಎಂದಾಗ, ಇನ್ನು ಮನೆಯಲ್ಲಿ ಮುಚ್ಚಿಡಲಾಗದೆಂದು ಮಂಗಳಾ ಅತ್ತುಬಿಟ್ಟಳು. ಮದುವೆಗೆ ಮುಂಚೆ ಅವಳ ತಾಯಿ, ಆಡುವಾಗ ಕಣ್ಣಿಗೆ ಕಡ್ಡಿ ಚುಚ್ಚಿತ್ತು ಎಂದು ಗಂಡಿನವರಿಗೆ ಹೇಳಿದ್ದರು. ಗಂಡನಿಗೆ ಹೋದ ವಾರ ನಿಜ ಹೇಳಿದ್ದಳು. “ಅಪ್ಪಂಗೆ ನೀನೇ ಏಳು” ಎಂದು ಅವನು ಜಾರಿಕೊಂಡಿದ್ದ.

“ನೀವು ಪಕ್ದಲ್ಲಿದ್ರೆ ಏಳ್ತೀನಿ ಮೇಡಂ.”

ಭಾನುವಾರ ಹುಲ್ಲಹಳ್ಳಿಯ ಬಸ್ ಹತ್ತಿದೆ. ಮಂಗಳಾಳ ಮಾವ ಸಿದ್ದಪ್ಪ ನೀರುಗಂಟಿ, ಎಂದರೆ ಕಾಲುವೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವವರು. ನಮ್ಮ ಒಣಸೀಮೆಯಲ್ಲಿ ನಾನು ಕೇಳಿಯೇ ಇರದ ಪದ. ಮಂಗಳಾ ತಲೆ ತಗ್ಗಿಸಿ, “ಮಾವ, ನನ್ ಕಣ್ಗೆ ಕಡ್ಡಿ ಚುಚ್ಚಿರ್ನಿಲ್ಲ. ಗೆಡ್ಡೆ ಆಗಿತ್ತು” ಎಂದಳು.

ಅವರು ಜಗಲಿಯ ಮೇಲೆ ಕುಳಿತುಕೊಂಡರು. ಆಮೇಲೆ, “ನಾಕ್ ವರ್ಸ ನಂಗೆ ಅನ್ನ ಇಕ್ಕುದ್ಯಲ್ಲವ್ವ, ಒಂದಿನಾನೂ ಏಳ್ಬೇಕು ಅನ್ಸನಿಲ್ವಾ?” ಎಂದರು. ಆ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ನಾನು ಬಾಯಿ ಹಾಕಿದೆ. ಓದಿದ ಮಾತು ಯಾವುದೂ ನೆನಪಾಗಲಿಲ್ಲ. “ಯಜಮಾನ್ರೇ, ಗದ್ದೆ ತುಂಬಿದ ಮ್ಯಾಲೂ ತೂಬು ಮುಚ್ಚಾವರು ಇರದಿದ್ರ ಏನಾಕ್ಕೈತ್ರಿ?”

“ಪೈರೆಲ್ಲ ಕೊಳ್ತೋಯ್ತದೆ.”

“ಇವರ ಕಣ್ಣಾಗೂ ಹಂಗ ಆಗಿತ್ತು. ಮುಚ್ಚೋ ಜೀನ್ ಹುಟ್ತಾನೇ ಕೆಟ್ಟಿತ್ತು. ಇದರಾಗ ಇವರ ತಪ್ಪಿಲ್ರಿ.”

ಅವರು ಕೂಸನ್ನು ತೊಡೆಯ ಮೇಲೆ ಎತ್ತಿಕೊಂಡು ಅದರ ಕಣ್ಣನ್ನೇ ನೋಡಿದರು. “ಕಣ್ ಉಳೀತದಾ ತಾಯಿ?”

“ಮಾತು ಕೊಡಾಕ ಬರೂದಿಲ್ರಿ. ಲಗೂನ ನೋಡಿದ್ರ ಉಳಿಸಬಹುದು.”

ಮರುದಿನ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದವರು ಸಿದ್ದಪ್ಪನವರೇ. ಬಲಗಣ್ಣಿನಲ್ಲಿ ಸಾಸಿವೆಯಷ್ಟು ಚಿಕ್ಕ ಗೆಡ್ಡೆ ಸಿಕ್ಕಿತು. ಲೇಸರ್‌ನಿಂದ ಸುಟ್ಟರು. ರಕ್ತಪರೀಕ್ಷೆಯೂ ತಾಯಿಯ ಕೆಟ್ಟ ಜೀನೇ ಬಂದಿದೆ ಎಂದಿತು. ಈಗ ಆ ಹುಡುಗಿ ಓಡಾಡಿ ಕೋಳಿಮರಿ ಹಿಡಿಯುತ್ತಾಳೆ. ಎರಡೂ ಕಣ್ಣು ಕಾಣುತ್ತವೆ. ಆದರೆ ಪರೀಕ್ಷೆ ನಿಂತಿಲ್ಲ, ಭಯವೂ ಪೂರ್ತಿ ಹೋಗಿಲ್ಲ. ಸಿದ್ದಪ್ಪ ಸೊಸೆಯೊಂದಿಗೆ ಮೊದಲಿನಂತೆ ಮಾತಾಡಲು ಬಹಳ ದಿನ ಹಿಡಿಯಿತಂತೆ.

ನನ್ನ ಬಾಯಿಗೆ ಮಾತು ಮರಳಿ ಸಿಕ್ಕಿದ್ದು ಆ ಜಗಲಿಯಲ್ಲಿ. ಅರ್ಧ ಅವರದು, ಅರ್ಧ ನಮ್ಮದು.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದಾಗ ಮಂಗಳಾಳ ಫೋನು ಬಂತು, ಮುಂದಿನ ಪರೀಕ್ಷೆ ಯಾವತ್ತು ಎಂದು ಕೇಳಲು. ಮಾತು ಮುಗಿಸಿ ಫೋನ್ ಇಟ್ಟೆ.

“ಯಾರವಾ ಅದು?” ಎಂದು ಅವ್ವ ಕೇಳಿದಳು.

“ನಮ್ಮೂರಾವ್ರು” ಎಂದೆ.

ಅವ್ವ ಹಿಟ್ಟಿನ ಕೈ ಹಾಗೇ ಹಿಡಿದು ನನ್ನ ಮುಖ ನೋಡಿದಳು. “ನಮ್ಮೂರಾಗ ಯಾರು?”