ಹಡಗಿನ ಎದುರಿಗೆ ಕೂತಿರು

ನಮ್ಮ ಅಡಿಗೆಮನೆಗೆ ಇರುವುದು ಒಂದೇ ಕಿಟಕಿ. ಅದರ ಕಟ್ಟೆಯ ಮೇಲೆ ಉಪ್ಪಿನಕಾಯಿಯ ಭರಣಿ, ಭರಣಿಯ ಮೇಲೆ ಗೋಳಗುಮ್ಮಟ. ನಗಬೇಡಿ, ಒಲೆಯ ಮುಂದೆ ಕೂತವರ ಕಣ್ಣಿಗೆ ಅದು ಕಾಣುವುದೇ ಹಾಗೆ. ಸುಲ್ತಾನನೊಬ್ಬ ಬೆಟ್ಟದಷ್ಟು ಕಲ್ಲು ಸುಣ್ಣ ಸುರಿದು ಕಟ್ಟಿಸಿಕೊಂಡ ಗೋರಿ ನಮ್ಮ ಮಾವಿನಕಾಯಿಗೆ ಮುಚ್ಚಳವಾಗಿ ಕೂತಿರುವುದನ್ನು ಹುಟ್ಟಿದಂದಿನಿಂದ ನೋಡುತ್ತ ಬಂದವನು ನಾನು. ಅಷ್ಟು ದೊಡ್ಡ ವಸ್ತು ಎದುರಿಗಿದ್ದರೆ ಮನುಷ್ಯನಿಗೆ ಒಂದು ಬಗೆಯ ನಿಶ್ಚಿಂತೆ ಬಂದುಬಿಡುತ್ತದೆ, ಜೊತೆಗೆ ಒಂದು ಬಗೆಯ ದಡ್ಡತನವೂ.

ಜಗತ್ತಿಗೆಲ್ಲ ನಾಲ್ಕು ದಿಕ್ಕುಗಳಿದ್ದರೆ ವಿಜಾಪುರದವರಿಗೆ ಎರಡೇ: ಗುಮ್ಮಟದ ಕಡೆ, ಗುಮ್ಮಟ ಬಿಟ್ಟ ಕಡೆ. ದವಾಖಾನೆ ಎಲ್ಲಿ ಎಂದು ಕೇಳಿದರೆ ಗುಮ್ಮಟಕ್ಕೆ ಬೆನ್ನು ಮಾಡಿ ನಡೆಯಿರಿ ಎನ್ನುತ್ತೇವೆ. ಟಿಕೋಟಾದಿಂದ ಬರುವ ಬಸ್ಸಿನಲ್ಲಿ ದೂರದಿಂದ ಗುಮ್ಮಟ ಕಂಡದ್ದೇ ತಡ, ಜನ ಸೀಟಿನ ಕೆಳಗೆ ಕೈ ಹಾಕಿ ಚಪ್ಪಲಿ ಹುಡುಕತೊಡಗುತ್ತಾರೆ. ಇಂಥ ಸೀಮೆಯಲ್ಲಿ ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಎಪ್ಪತ್ತರ ದಶಕದ ಮಾತು. ಸಮುದ್ರವನ್ನು ಕಣ್ಣಾರೆ ಕಾಣದೆ ಅದರ ಉಬ್ಬರ ಇಳಿತಗಳನ್ನು ನೀಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದ ಧೈರ್ಯವಂತ ನಾನು.

ಟಿಕೋಟಾದಲ್ಲಿ ನನ್ನ ಕಾಕಾ ಇದ್ದ. ಜೋಳ, ಕುಸುಬೆ, ಒಂದಿಷ್ಟು ಹೊಸದಾಗಿ ಹಾಕಿದ ದ್ರಾಕ್ಷಿ. ಇವೆಲ್ಲಕ್ಕಿಂತ ಚೆನ್ನಾಗಿ ಅವನ ಕೈಗೆ ಹತ್ತಿದ್ದು ಇಸ್ಪೀಟಿನ ಎಲೆ. ದೀಪಾವಳಿಗೆ ಎಲೆ ಆಡದವನು ಮುಂದಿನ ಜನ್ಮದಲ್ಲಿ ಕತ್ತೆಯಾಗುತ್ತಾನೆ ಎಂದು ಹೇಳಿ ಆಟಕ್ಕೆ ಕೂಡುತ್ತಿದ್ದ ಅವನು, ಕತ್ತೆಯ ಜನ್ಮ ತಪ್ಪಿಸಿಕೊಳ್ಳುವ ಉತ್ಸಾಹದಲ್ಲಿ ಯುಗಾದಿಯವರೆಗೂ ಏಳುತ್ತಿರಲಿಲ್ಲ. ಮಳೆ ನಂಬಿ ಬಿತ್ತುವುದೇ ದೊಡ್ಡ ಜೂಜು, ಎಲೆಯಾಟ ಅದರ ಮರಿ ಎನ್ನುವುದು ಅವನ ವಾದ. ವಾದದಲ್ಲಿ ಹುರುಳಿತ್ತು, ಆದರೆ ಹುರುಳಿರುವ ವಾದಗಳಿಗೆ ಅವನ ಹೆಂಡತಿ, ನಮ್ಮ ಚಿಗವ್ವ, ಸೊಪ್ಪು ಹಾಕುವವಳಲ್ಲ. ಬಬಲೇಶ್ವರ ಅವಳ ತವರು. ಒಂದು ದಿನ ಅವಳು ಗಂಡನನ್ನು ಕೊಟ್ಟಿಗೆಗೆ ಕರೆದೊಯ್ದು ಎತ್ತಿನ ಬೆನ್ನ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. ತನ್ನ ಮೇಲೆ ಆಣೆ ಮಾಡಿಸಿದರೆ ಮುರಿದಾನು, ಎತ್ತಿನ ಮೇಲಿನದನ್ನು ಮುರಿಯಲಾರ ಎಂಬ ಲೆಕ್ಕ ಅವಳದು. ಆಣೆಗೆ ಒಂದು ಬಾಲವನ್ನೂ ಕಟ್ಟಿದಳು.

“ಇನ್ನೊಮ್ಮೆ ಎಲಿ ಮುಟ್ಟಿದ್ರಿ ಅಂದ್ರ ನಾ ಎದ್ದು ಹೋಗಾಕಿ. ಹೊಳ್ಳಿ ಬರಂಗಿಲ್ಲ ನೋಡ್ರಿ.”

ಕಾಕಾ ತಲೆಯಾಡಿಸಿ, “ಟಿಕೋಟಾದ ಸೀಮಿಯೊಳಗ ಮುಟ್ಟಂಗಿಲ್ಲ” ಎಂದ. ಸೀಮೆಯ ಮಾತನ್ನು ಅವನು ಯಾಕೆ ಸೇರಿಸಿದ ಎನ್ನುವುದು ಅವಳ ಲಕ್ಷ್ಯಕ್ಕೆ ಬರಲಿಲ್ಲವೆಂದು ಕಾಕಾನೂ ನಾನೂ ನಂಬಿದೆವು.

ಸೀಮೆಯ ಆಚೆ ಆಡಬೇಕೆಂದರೆ ಎಲ್ಲಿಗೆ ಹೋಗಬೇಕು? ಹೊನವಾಡದಲ್ಲಿ ಬೀಗರು. ಬಿಜ್ಜರಗಿಯಲ್ಲಿ ಬೀಗರ ಬೀಗರು. ಬಬಲೇಶ್ವರದಲ್ಲಿ ಎಲೆ ಮುಟ್ಟಿದರೆ ಸುದ್ದಿ ಅವನಿಗಿಂತ ಮೊದಲು ಮನೆಗೆ ಬಂದು ನೀರು ಕುಡಿಯುತ್ತಿತ್ತು. ನಂಟರಿಲ್ಲದ ಊರೊಂದು ಬೇಕೆಂದು ಅವನು ತಪಸ್ಸು ಮಾಡುತ್ತಿದ್ದಾಗ ವರ ಕೊಟ್ಟವನು ಉಳ್ಳಾಗಡ್ಡಿ ಸಾಗಿಸುವ ಲಾರಿಯ ಹುಸೇನಸಾಬ. ಗೋವೆಯ ಪಣಜಿಯಲ್ಲಿ ನೀರಿನ ದಂಡೆಗೆ ಒಂದು ಹೋಟೆಲು ಇದೆಯಂತೆ, ಅದರ ಮಾಳಿಗೆಯಲ್ಲಿ ಹಗಲು ರಾತ್ರಿ ಎಲೆ ಬೀಳುತ್ತದಂತೆ, ಕುರ್ಚಿಯ ಮೇಲೆ ಕೂತು ಆಡುತ್ತಾರಂತೆ, ಆಡುವವರಿಗೆ ಚಹಾ ಪುಕ್ಕಟೆಯಂತೆ. ಕುರ್ಚಿಯ ಮಾತು ಕೇಳಿ ಕಾಕಾನ ಕಣ್ಣು ತುಂಬಿ ಬಂತು. ಪಾಪ, ಹುಣಸೆಮರದ ಬುಡದಲ್ಲಿ ಕೂತು ಕೂತು ಅವನ ಮೊಣಕಾಲು ಹಿಡಿದುಹೋಗಿದ್ದವು.

ಭೂಗೋಳ ಬಲ್ಲವನೆಂದು ನನ್ನನ್ನು ಜೊತೆಗೆ ಕರೆದ. ದ್ರಾಕ್ಷಿಯ ವ್ಯಾಪಾರಿಯನ್ನು ಕಾಣಲು ಹೊರಟಿದ್ದೇವೆ ಎಂದು ಮನೆಯಲ್ಲಿ ಹೇಳಿಯಾಯಿತು. ಚಿಗವ್ವ ಕಟಿ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿದಳು. ಗಂಟು ಕೊಡುತ್ತಾಳೆಂದು ಕಾಕಾ ಕೈ ಚಾಚಿದರೆ ಅದನ್ನು ತನ್ನ ಕಂಕುಳಿಗೇರಿಸಿಕೊಂಡು, “ನಡೀರಿ, ನಾನೂ ಸಮುದ್ರ ನೋಡತೇನಿ” ಎಂದಳು. ಬೇಡ ಎನ್ನುವುದಕ್ಕೆ ಒಂದು ಕಾರಣ ಹೇಳಬೇಕಾಗುತ್ತಿತ್ತು. ನಮ್ಮ ಹತ್ತಿರ ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ.

ಬೆಳಗಾವಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು, ಬೆಳಿಗ್ಗೆ ಪಣಜಿಗೆ ಮುಟ್ಟಿದೆವು. ಎದುರಿಗೆ ಕಣ್ಣು ಹರಿಯುವಷ್ಟು ನೀರು. ನಾನು ಕೈ ಚಾಚಿ, “ಇದs ನೋಡ ಚಿಗವ್ವಾ, ಅರಬ್ಬೀ ಸಮುದ್ರ” ಎಂದು ಘೋಷಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, “ಸಮುದ್ರಕ್ಕ ಆಚಿ ದಂಡಿ ಇರತೈತೇನೋ ತಮ್ಮಾ? ಅಲ್ಲಿ ಯಾರೋ ಎಮ್ಮಿ ಮೈ ತೊಳ್ಯಾಕತ್ತಾರಲ್ಲ” ಎಂದಳು. ಬೇಸಿಗೆಯಲ್ಲಿ ದಾಟಿದರೆ ಚಪ್ಪಲಿ ಒದ್ದೆಯಾಗದ ನಮ್ಮ ಕಡೆಯ ಡೋಣಿಯನ್ನು ಹೊಳೆ ಎಂದು ಕರೆದು ಬೆಳೆದವನಿಗೆ ಮಾಂಡೋವಿಯಂಥ ನದಿ ಸಮುದ್ರವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಮೇಷ್ಟ್ರ ಮರ್ಯಾದೆ ಎಂಬುದೊಂದು ಇದೆಯಲ್ಲ. ಇದು ಸಮುದ್ರದ ಸಣ್ಣ ತುದಿ ಎಂದು ಹೇಳಿ ಪಾರಾದೆ.

ಆ ಊರಿನಲ್ಲಿ ತಿರುಗಾಡುವುದು ಹೇಗೆ ಎಂಬುದೇ ನಮಗೆ ಬಗೆಹರಿಯಲಿಲ್ಲ. ಎಲ್ಲ ಓಣಿಗಳೂ ಒಂದೇ ತರಹ ಕೆಂಪು ಹಂಚು ಹೊದ್ದು ನಿಂತಿದ್ದವು. ತಲೆಯೆತ್ತಿದರೆ ಗುಮ್ಮಟವಿಲ್ಲ. ಬಾಡಿಗೆಗೆ ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವ ಪದ್ಧತಿ ಇತ್ತು, ಆದರೆ ಹೆಂಡತಿಯನ್ನು ಪರಪುರುಷನ ಬೆನ್ನಿಗೆ ಕೂರಿಸಲು ಕಾಕಾ ಒಪ್ಪಲಿಲ್ಲ. ಅವನು ಗುಮ್ಮಟಕ್ಕಾಗಿ ಆಚೀಚೆ ಕಣ್ಣಾಡಿಸುತ್ತಿದ್ದಾಗ ದಂಡೆಗೆ ತಾಗಿ ನಿಂತ ದೊಡ್ಡ ಬಿಳಿ ಹಡಗು ಕಂಡಿತು. ಮೂರು ಅಂತಸ್ತು, ಮೇಲೆ ಹೊಗೆಯ ಕೊಳವೆ, ಟಿಕೋಟಾದ ಅರ್ಧ ಊರನ್ನು ತುಂಬಿಕೊಳ್ಳುವಷ್ಟು ಗಾತ್ರ. ಅವನ ಮುಖ ಅರಳಿತು. ಗುರುತಿಗೆ ಒಂದು ದೊಡ್ಡ ವಸ್ತು ಸಿಕ್ಕಮೇಲೆ ವಿಜಾಪುರದ ಕಡೆಯವನಿಗೆ ಇನ್ನೇನು ಭಯ?

ಹಡಗಿನ ನೇರಕ್ಕೆ ಒಂದು ಕಲ್ಲಿನ ಕಟ್ಟೆ. ಅಲ್ಲಿ ಅವಳನ್ನು ಕೂರಿಸಿ ಕಾಕಾ ಹೇಳಿದ: “ಇಲ್ಲೇ ಹಡಗದ ಎದುರಿಗಿ ಇರು. ಅದನ್ನ ಬಿಟ್ಟು ಕದಲಬ್ಯಾಡ. ನಾವು ಆ ವ್ಯಾಪಾರಿನ್ನ ನೋಡಿ ಬರತೇವಿ.”

“ಕದಲಂಗಿಲ್ಲ, ಹೋಗಿ ಬರ್ರಿ” ಎಂದಳು ಚಿಗವ್ವ. ಅವಳು ಅಷ್ಟು ಮೃದುವಾಗಿ ಒಪ್ಪಿದ್ದನ್ನು ಕಂಡು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಹಿಂದಿನ ರಾತ್ರಿ ಕೂತವರು ಇನ್ನೂ ಎದ್ದಿರಲಿಲ್ಲ. ಬೀಡಿ ಚುಟ್ಟಗಳ ಹೊಗೆ, ಹಸಿರು ಬಟ್ಟೆ ಹೊದಿಸಿದ ಮೇಜು, ನಿಜವಾದ ಕುರ್ಚಿಗಳು. ಕಾಕಾ ಕುರ್ಚಿಯನ್ನು ಮೊದಲು ಒಮ್ಮೆ ಮುಟ್ಟಿ ನೋಡಿ ಆಮೇಲೆ ಕೂತ. ಆಟ ನಮ್ಮೂರಿನದೇ, ಮೂರೆಲೆಯದು. ಒಂದೆರಡು ಕೈ ಹೋದವು, ಒಂದು ಬಂತು. ಆಮೇಲೆ ಬಂದ ಎಲೆಗಳನ್ನು ಅವನು ಎಂದಿನಂತೆ ಒಂದರ ಹಿಂದೆ ಒಂದನ್ನು ಮೆಲ್ಲಗೆ ಸರಿಸಿ ನೋಡಿದ. ಬೆನ್ನ ಹಿಂದೆ ನಿಂತ ನನಗೂ ಕಂಡಿತು. ಎಕ್ಕಾ. ಇನ್ನೊಂದು ಎಕ್ಕಾ. ಮತ್ತೂ ಒಂದು ಎಕ್ಕಾ. ಆ ಆಟದಲ್ಲಿ ಇದಕ್ಕಿಂತ ಮೇಲಿನ ಕೈ ಇಲ್ಲ. ಒಬ್ಬ ಮನುಷ್ಯನಿಗೆ ಆಯುಷ್ಯದಲ್ಲಿ ಒಮ್ಮೆ ಬಂದರೆ ಅವನ ಪುಣ್ಯ. ಎದುರಿನವರು ಹುರುಪಿನಿಂದ ಹಣ ಕಟ್ಟುತ್ತಲೇ ಇದ್ದರು. ಸಂತೋಷ ಮುಖದ ಮೇಲೆ ಕಾಣಬಾರದೆಂದು ಕಾಕಾ ಕಣ್ಣನ್ನು ಕಿಟಕಿಯ ಹೊರಗೆ ಕಳಿಸಿದ. ಅಲ್ಲಿ, ಆಗಲೇ ಬಹಳ ದೂರದಲ್ಲಿ, ಹಡಗು ನಡೆಯುತ್ತಿತ್ತು.

ಗೆಳೆಯರೆ, ಒಂದು ಬೆಳಿಗ್ಗೆ ಗೋಳಗುಮ್ಮಟ ಎದ್ದು ಸೊಲ್ಲಾಪುರದ ಹಾದಿ ಹಿಡಿದರೆ ನಿಮ್ಮ ಎದೆ ಏನಾದೀತೋ ಅವನ ಎದೆ ಅದಾಯಿತು. ಹಡಗು ಎಂದರೆ ಹೋಗುವ ವಸ್ತು ಎಂಬುದು ನನಗೆ ಗೊತ್ತಿತ್ತು, ಮಕ್ಕಳಿಗೆ ಕಲಿಸಿಯೂ ಇದ್ದೆ. ಆದರೆ ಇಷ್ಟು ದೊಡ್ಡದು ಹೋದೀತು ಎಂದು ನಮ್ಮಿಬ್ಬರಿಗೂ ಅನಿಸಿರಲೇ ಇಲ್ಲ. ಅದರ ಹಿಂದೆಯೇ ಎರಡನೆಯ ಭಯ ಬಂತು. ಕಟ್ಟೆ ಖಾಲಿಯಿತ್ತು. ಎದ್ದು ಹೋಗಾಕಿ, ಹೊಳ್ಳಿ ಬರಂಗಿಲ್ಲ ಎಂದವಳು ಬಬಲೇಶ್ವರಕ್ಕೆ ಹೋದರೆ ಸಂಜೆಯ ಬಸ್ಸಿಗೆ ಹೋಗಿ ಕಾಲು ಹಿಡಿದು ಕರೆತರಬಹುದು. ಹಡಗು ಹತ್ತಿ ಮುಂಬಯಿಗೋ ಎಲ್ಲಿಗೋ ಹೋದವಳನ್ನು ಎಲ್ಲಿಂದ ಕರೆತರುವುದು? ಕಾಕಾ ಆ ಮೂರು ಎಲೆಗಳನ್ನು ಬೋರಲು ಹಾಕಿ, ಮೇಜಿನ ನಡುವೆ ತಳ್ಳಿ, ಮೆಟ್ಟಿಲು ಇಳಿದ. ಹಿಡಿದ ಮೊಣಕಾಲಿನವನು ಹಾಗೆ ಇಳಿದದ್ದನ್ನು ನಾನು ಅದೇ ಮೊದಲು ಕಂಡೆ.

ಕೆಳಗೆ ಬಾಡಿಗೆಯ ಮೋಟಾರ್‌ಸೈಕಲ್ಲು ನಿಂತಿತ್ತು. ಕಾಕಾ ಅದರ ಮೇಲೆ ಎತ್ತಿನ ಬಂಡಿ ಹತ್ತುವಂತೆ ಹತ್ತಿದ, ನಾನು ಅವನ ಬೆನ್ನಿಗೆ ಅಂಟಿಕೊಂಡೆ. “ಆ ಹಡಗದ ಬೆನ್ನ ಹತ್ತೋ ಯಪ್ಪಾ!” ಎಂದು ಕೂಗಿದ. ನಾನು ಅದನ್ನು ಹಿಂದಿಯಲ್ಲಿ ಹೇಳಿದಾಗ ಗಾಡಿಯವನು ತನ್ನ ಗಾಡಿ ನೀರಿನ ಮೇಲೆ ಓಡುವುದಿಲ್ಲವೆಂದು ವಿನಯದಿಂದ ತಿಳಿಸಿ, ದಂಡೆಯ ರಸ್ತೆಯಲ್ಲೇ ಬಿಟ್ಟ. ಎಡಕ್ಕೆ ತೆಂಗು, ಬಲಕ್ಕೆ ನೀರು, ಮುಂದೆ ಹಡಗು. ಕಾಕಾನ ರುಮಾಲು ಗಾಳಿಗೆ ಬಿಚ್ಚಿ ನನ್ನ ಮುಖಕ್ಕೆ ಸುತ್ತಿಕೊಂಡಿದ್ದರಿಂದ ಪಣಜಿಯ ಅತ್ಯಂತ ಸುಂದರವಾದ ರಸ್ತೆಯನ್ನು ನಾನು ಕಂಡದ್ದು ಇಷ್ಟೇ.

ರಸ್ತೆ ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ಆಚೆ ದಂಡೆ ಇಲ್ಲದ ನೀರು. ನಿಜವಾದ ಸಮುದ್ರ. ಅದರ ಅಂಚಿನಲ್ಲಿ ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ರೊಟ್ಟಿಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಚಿಗವ್ವ ತೆರೆಗಳಿಗೆ ಕಾಲು ಕೊಟ್ಟು ನಿಂತಿದ್ದಳು. ದೂರದಲ್ಲಿ ಹಡಗು ಸಣ್ಣದಾಗುತ್ತಿತ್ತು. ಕಾಕಾ ಓಡಿಹೋಗಿ ಅವಳ ರಟ್ಟೆ ಹಿಡಿದ. ಹಿಡಿದ ರಟ್ಟೆ ಬಿಡದೆ ಗದರಿದ.

“ಅಲ್ಲೇ ಇರು ಅಂದಿದ್ನಿಲ್ಲ? ಯಾಕ ಎದ್ದು ಬಂದಿ?”

“ಹಡಗದ ಎದುರಿಗಿ ಇರು, ಅದನ್ನ ಬಿಟ್ಟು ಕದಲಬ್ಯಾಡ ಅಂದ್ರಿ. ಅದು ನಡೀತು, ನಾನೂ ಅದರ ಸಂಗಾಟ ನಡದೆ. ಇಲ್ಲಿಂದ ಮುಂದ ನನಗ ಬರಾಕ ಆಗಲಿಲ್ರಿ” ಎಂದು ಸಮುದ್ರವನ್ನು ತೋರಿಸಿದಳು. ಆಮೇಲೆ ಅವನ ಮುಖವನ್ನೊಮ್ಮೆ ನೋಡಿ, “ಆಟ ಇಷ್ಟ ಲಗೂ ಮುಗೀತೇನು?” ಎಂದಳು.

ಕಾಕಾನಿಗೆ ಸುಳ್ಳು ಹೇಳಲು ಬಹಳ ಹೊತ್ತು ಬೇಕಾಯಿತು. “ಎಲಿ ಕೆಟ್ಟ ಬಂದಿದ್ದವು. ಎದ್ದು ಬಂದ್ನಿ” ಎಂದ. ನನ್ನ ಕಡೆ ತಿರುಗಿ ಕಣ್ಣು ಬಿಟ್ಟ.

ಆ ಕಣ್ಣಿನ ಅರ್ಥವನ್ನು ನಾನು ಬಸ್ಸಿನುದ್ದಕ್ಕೂ ಯೋಚಿಸಿದೆ. ನಮ್ಮ ಕಡೆಯ ಗಂಡಸು ಆಣೆ ಮುರಿದವನೆನ್ನಿಸಿಕೊಳ್ಳಬಲ್ಲ, ಜೂಜುಕೋರನೆನ್ನಿಸಿಕೊಳ್ಳಬಲ್ಲ, ಸೋತು ಬಂದವನೆಂದು ಚಹಾದಂಗಡಿಯಲ್ಲಿ ನಗಿಸಿಕೊಳ್ಳಲೂಬಲ್ಲ. ಗೆಲ್ಲುವ ಎಲೆ ಬಿಸಾಕಿ ಹೆಂಡತಿಯ ಹಿಂದೆ ಓಡಿದ ಎನ್ನಿಸಿಕೊಳ್ಳಲಾರ. ಎಷ್ಟು ವಿಚಿತ್ರ ನಮ್ಮ ನಾಚಿಕೆ! ಮಾಡಿದ ತಪ್ಪನ್ನು ಎದೆಯುಬ್ಬಿಸಿ ಒಪ್ಪಿಕೊಳ್ಳುವವರು ಇಟ್ಟುಕೊಂಡ ಪ್ರೀತಿಯನ್ನು ಕಳ್ಳಮಾಲಿನಂತೆ ಬಚ್ಚಿಡುತ್ತೇವೆ. ಆ ಮನುಷ್ಯನ ಮೇಲೆ ನನಗೆ ಅಷ್ಟು ಅಕ್ಕರೆ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಬಸ್ಸು ಘಟ್ಟ ಹತ್ತುವಾಗ ಕಾಕಾ ನಿದ್ದೆ ಹೋದ. ಚಿಗವ್ವ ಗಂಟು ಬಿಚ್ಚಿ ನನಗೊಂದು ರೊಟ್ಟಿ ಮುರಿದು ಕೊಟ್ಟು, ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

“ಎಲಿ ಬಾಳ ಚಲೋ ಬಂದಿದ್ದವು ಹೌದಿಲ್ಲೋ ತಮ್ಮಾ?”

ನಾನು ರೊಟ್ಟಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಗಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ.

“ಕೆಟ್ಟ ಎಲಿ ಬಂದಾಗ ಈ ಮನಿಷ್ಯಾ ಎಂದಾದ್ರೂ ಎದ್ದಾನೇನೋ? ಈ ಸಲ ಬರತೈತಿ, ಈ ಸಲ ಬರತೈತಿ ಅಂತ ಕೋಳಿ ಕೂಗೂತನಕ ಕೂಡಾಂವ. ಸೋತಾಗ ಏಳಾಕ ಬರಂಗಿಲ್ಲ ಅವರಿಗೆ.” ನಿದ್ದೆಯಲ್ಲಿ ಜೋಲಾಡುತ್ತಿದ್ದ ಗಂಡನ ತಲೆಯನ್ನು, ತುಂಬಿದ ಬಸ್ಸಿನಲ್ಲಿ ಯಾರು ನೋಡಿದರೂ ನೋಡಲಿ ಎಂಬಂತೆ, ಎಳೆದು ತನ್ನ ಭುಜಕ್ಕೆ ಒರಗಿಸಿಕೊಂಡಳು. “ನನಗ ಗೊತ್ತಾಗೇತಿ ಅಂತ ಅವರ ಮುಂದ ಹೇಳಬ್ಯಾಡ. ನಾಚ್ಕೊಂಡು ಇನ್ನೊಮ್ಮೆ ಹಂಗ ಮಾಡೂದ ಬಿಟ್ಟಾರು.”